ಗುಡ್ಡದ ಮೇಲಿನ ರೇಡಿಯೊ

"ಗಾಳಿ ತಿರುಗಿದೆ, ಬೆಂಕಿ ಇತ್ಲಾಗೇ ಬರ್ತಿದೆ, ವ್ಯಾನ್ ಕಳ್ಸಿ!" ಕಣಿವೆಯಿಂದ ಮೆರ್ಲ್ ನಾಲ್ಕನೇ ಸಲ ವಾಕಿಟಾಕಿಯಲ್ಲಿ ಕೂಗಿದಳು. ಅವಳ ಬೆನ್ನಿಗೆ ಆರು ಮುದಿಜೀವಗಳು ಕೆಮ್ಮುತ್ತಿದ್ದವು.

ಆ ಕೂಗನ್ನು ಊರಿಗೆ ದಾಟಿಸಬೇಕಾದದ್ದು ಗುಡ್ಡದ ಮೇಲೆ ಅವಳೇ ನಿಲ್ಲಿಸಿ ಬಂದಿದ್ದ ಪಿಕಪ್ಪಿನ ರೇಡಿಯೊ. ಊರಿನ ಮಾತನ್ನು ಕೆಳಗೆ ಕಳಿಸುತ್ತಿರುವಷ್ಟು ಹೊತ್ತು ಅದು ಕಣಿವೆಯ ಪಾಲಿಗೆ ಕಿವುಡು. ಊರಿನಲ್ಲಿ ರೇಡಿಯೊ ಕ್ಲಬ್ಬಿನ ಅಧ್ಯಕ್ಷ ಆಲ್ವಿನ್ ಮೈಕ್ ಬಿಡುತ್ತಿರಲಿಲ್ಲ.

"ಗುಡ್ಡದ ಮೇಲೆ ಗಾಡಿ ನಿಲ್ಸಿ ಮಾತು ದಾಟ್ಸೋ ಈ ಐಡಿಯಾ ನಂದು ಕಣ್ರೋ. ಮೂರು ವರ್ಷ ಬಡ್ಕೊಂಡೆ, ಯಾರು ಕೇಳಿದ್ರಿ? ಈಗ ಪಾತಾಳದಿಂದ್ಲೂ ಗಂಟೆ ಹೊಡ್ದಂಗೆ ಕೇಳತ್ತೆ! ಏನ್ ಮೆರ್ಲ್, ಒಂದು ಥ್ಯಾಂಕ್ಸ್ ಆದ್ರೂ ಹೇಳಮ್ಮ."

ಅವನು ಮಾತು ನಿಲ್ಲಿಸಿದ. ಅವಳು ಗುಂಡಿ ಒತ್ತಿದಳು. ಅದೇ ಗಳಿಗೆಗೆ ಗುಡ್ಡದ ನೀಲಗಿರಿಗಳ ನಡುವೆ ಪಿಕಪ್ ಬೆಂಕಿಗೆ ಸಿಕ್ಕಿ ಸಿಡಿಯಿತು.

"ಮುನಿಸ್ಕೊಂಡ್ಳು," ಎಂದು ಊರಿನಲ್ಲಿ ಆಲ್ವಿನ್ ನಕ್ಕ.