ದೇವಿಯ ದೀಪದ ವೈರು

"ಆ ವೈರಿಗೆ ಮಾತ್ರ ಕೈ ಹಚ್ಚಬ್ಯಾಡ!" ಎಂದು ಬೀರಣ್ಣ ಮಗಳ ಮಣಿಕಟ್ಟು ಹಿಡಿದುಕೊಂಡ.

ಮಚ್ಛೆ ಊರಿನ ರಸ್ತೆಬದಿಗೆ ನಿಲ್ಲಿಸಿದ್ದ ತಮ್ಮ ಲಾರಿಯೊಳಗೆ ಪ್ರಮಿಳಾ ಬೆಳಗಿನಿಂದ ಒಂದೇ ವೈರು ಹುಡುಕುತ್ತಿದ್ದಳು. ಚಾವಿ ತಿರುವಿದಾಗಷ್ಟೇ ಅದರಲ್ಲಿ ಕರೆಂಟು ಬರಬೇಕು, ಚಾವಿ ತೆಗೆದರೆ ನಿಲ್ಲಬೇಕು. ಇಂಜಿನ್ನಿನ ಕಾವು ತೋರಿಸುವ ಹೊಸ ಮೀಟರಿಗೆ ಅಂಥದ್ದೇ ಬೇಕು. ಹೋದ ವಾರ ಅವಸರಕ್ಕೆ ಸದಾ ಕರೆಂಟಿರುವ ವೈರಿಗೆ ಜೋಡಿಸಿದ್ದಳು. ನಿಂತ ಲಾರಿಯ ಬ್ಯಾಟರಿಯನ್ನು ಮೀಟರೇ ಕುಡಿದು ಮುಗಿಸಿತ್ತು. ಖಾನಾಪುರದ ಸಂತೆಯ ಮಂದಿಯೆಲ್ಲ ಸೇರಿ ಲಾರಿ ತಳ್ಳಿದ್ದರು.

ಈಗ ಅವಳ ಬೆರಳು ನಿಂತದ್ದು ಮಾಯಕ್ಕದೇವಿಯ ಫೋಟೋದ ಮುಂದಿನ ಪುಟ್ಟ ಕೆಂಪು ದೀಪದ ವೈರಿನ ಮೇಲೆ.

"ಅಪ್ಪಾ, ದಿನಾ ಚಾವಿ ತಿರುವಿ, ಈ ದೀಪಾ ಹತ್ತಿದ ಮ್ಯಾಲೇ ನೀ ಕೈ ಮುಗೀತಿ. ನಾ ಹುಡುಕೂ ವೈರು ಇದ ಐತಿ."

"ದೇವಿ ಕರೆಂಟು ಕಸ್ಕೋತಿ ಏನ?"

"ಕಸ್ಕೊಳ್ಳಾಂಗಿಲ್ಲ, ಮೀಟರನ್ನ ಆಕಿ ಬಾಜೂಕ ಕುಂದರಸ್ತೀನಿ. ಘಾಟದಾಗ ಇಂಜಿನ್ ಗರಂ ಆದ್ರ, ಪಾಪ, ಆಕಿರೆ ನಮಗ ಹೆಂಗ ಹೇಳಬೇಕು?"

ಬೀರಣ್ಣನ ಹಿಡಿತ ಸಡಿಲವಾಯಿತು. ಪ್ರಮಿಳಾ ವೈರು ಕೂಡಿಸಿ ಚಾವಿ ತಿರುವಿದಳು. ದೀಪ ಹತ್ತಿತು, ಅದರ ಜೊತೆಗೇ ಮೀಟರಿನ ಮುಳ್ಳೂ ಎದ್ದಿತು.

ಬೀರಣ್ಣ ಎಂದಿನಂತೆ ಕೈ ಮುಗಿದ. ಆಮೇಲೆ ಭಂಡಾರದ ಅರಿಸಿನ ಪುಡಿಯ ಡಬ್ಬಿ ತೆರೆದು, ಮೊದಲು ದೇವಿಗೆ ಹಚ್ಚಿ, ಉಳಿದದ್ದನ್ನು ಮೀಟರಿನ ಗಾಜಿನ ಅಂಚಿಗೆ, ಮುಳ್ಳು ಮುಚ್ಚದ ಹಾಗೆ, ಹುಷಾರಾಗಿ ಹಚ್ಚಿದ.