ಕಂಬದ ಹಣೆಗೆ ಇಟ್ಟ ಕುಂಕುಮ

ಈಗಲೂ ಕುಂಕುಮದ ಪೊಟ್ಟಣ ಬಿಚ್ಚಿದರೆ, ನನ್ನ ಮೂಗಿಗೆ ಮೊದಲು ಬರುವುದು ಸಿಂಗಾಪುರದ ಆ ಮ್ಯೂಸಿಯಮ್ಮಿನ ತಣ್ಣನೆಯ ಹಳೇ ಮರದ ವಾಸನೆ.

ಅಪ್ಪ ಐಸಿಯುನಲ್ಲಿದ್ದರು. ಸಂಜೆಯವರೆಗೆ ಒಳಗೆ ಬಿಡುವುದಿಲ್ಲ ಎಂದಾಗ ಅಮ್ಮ ನನ್ನನ್ನು ಆಸ್ಪತ್ರೆಯ ಹತ್ತಿರವಿದ್ದ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ಅಲ್ಲಿ ಸಾಲೊಮನ್ ದ್ವೀಪಗಳ ಒಂದು ಮನೆಗಂಬ ನಿಂತಿತ್ತು. ಕಂಬದ ಉದ್ದಕ್ಕೂ ಒಬ್ಬ ಗಂಡಸನ್ನು ಕೆತ್ತಿದ್ದರು. ಎದೆಯ ಮೇಲೆ ಉಳಿಯ ಗುರುತುಗಳು ಮೀನಿನ ಹುರುಪೆಯ ಹಾಗಿದ್ದವು. ತಲೆಯ ಮೇಲೆ ಸೂರಿರಲಿಲ್ಲ, ಬರೀ ಲೈಟು.

ಪಕ್ಕದ ಬೋರ್ಡನ್ನು ನಾನೇ ಓದಿ ಹೇಳಿದೆ. "ಇವ್ರು ಆ ಮನೆಯವ್ರ ಮುತ್ತಾತ ಅಂತೆ ಅಮ್ಮ. ಮನೆ ಬೀಳದೇ ಇರೋ ಹಾಗೆ ಇವ್ರೇ ಹಿಡ್ಕೊಂಡಿರ್ತಾರಂತೆ."

ಅಮ್ಮ ಬ್ಯಾಗಿನಿಂದ ಪೊಟ್ಟಣ ತೆಗೆದಳು. ಹೊಸಿಲಿಗೆ ಇಡುವ ಹಾಗೆಯೇ ಆ ಹಣೆಗೆ ಕುಂಕುಮ ಇಟ್ಟು ಕೈಮುಗಿದಳು. "ನಮ್ಮನೇನೂ ಸ್ವಲ್ಪ ಹಿಡ್ಕೊಳ್ಳಪ್ಪ."

"ಆಂಟಿ, ಕೆನಾಟ್ ಟಚ್ ಲಾ!" ಎಂದು ಗಾರ್ಡ್ ಓಡಿಬಂದ.

ಅಮ್ಮ ಗಾಬರಿಯಾಗಿ ದುಪಟ್ಟಾದ ತುದಿಯಿಂದ ಕುಂಕುಮ ಒರೆಸತೊಡಗಿದಳು. ಅರ್ಧ ಒರೆಸಿದವಳ ಕೈ ಥಟ್ಟನೆ ನಿಂತುಹೋಯಿತು. ಕೆಂಪಾದ ಬೆರಳುಗಳನ್ನೇ ನೋಡುತ್ತ ನಿಂತಳು.

"ಇನ್ನೂ ಇದೆ ಅಮ್ಮ," ಎಂದೆ ನಾನು. "ಪೂರ್ತಿ ಒರೆಸ್ಬಿಡು."