ಲೆಕ್ಕಕ್ಕೆ ಬಾರದ ವ್ಯಾನು

ಎಲ್ಲರೂ ಒಪ್ಪಿ ಸಹಿ ಹಾಕಿದ ಕಡೆ ಒಬ್ಬ ಮನುಷ್ಯ ಮಾತ್ರ ಕೈ ಹಿಂದೆಳೆದರೆ, ಆ ಕೈಯನ್ನು ಯಾರೋ ಬೆಚ್ಚಗೆ ಮಾಡಿದ್ದಾರೆಂದೇ ನೀವೂ ತೀರ್ಮಾನಿಸುವುದಿಲ್ಲವೇ? ವಾಹನ ಸಂಗ್ರಹಾಲಯದ ನಿರ್ದೇಶಕಿಯೂ ಹಾಗೆಯೇ ತೀರ್ಮಾನಿಸಿದ್ದರು.

"ಮೇಷ್ಟ್ರೇ, ಇನ್ನೊಂದ್ಸಲ ಕೇಳ್ತೀನಿ. ಇದು ಮಿನಿವ್ಯಾನ್ ಹೌದೋ ಅಲ್ವೋ?"

"ಅಲ್ಲ."

ಮೇಷ್ಟ್ರು ತಾಂತ್ರಿಕ ಶಾಲೆಯಲ್ಲಿ ಮೋಟಾರು ವಿದ್ಯೆ ಕಲಿಸಿ ನಿವೃತ್ತರಾದವರು. ಹಳದಿ ವ್ಯಾನಿನಿಂದ ಮಾರು ದೂರದಲ್ಲಿ ಗೋಡೆಗೆ ಒರಗಿ ನಿಂತಿದ್ದರು. ಬೆಳಗಿನಿಂದ ಅದರ ಹತ್ತಿರ ಸುಳಿದಿರಲಿಲ್ಲ. ಪರೀಕ್ಷಕ ಮಂಡಳಿಯ ಮೂರನೆಯವನಾದ ಮೋಟಾರು ಪತ್ರಿಕೆಯ ವರದಿಗಾರ ಮಾತ್ರ ಒಳಹೊಕ್ಕು, ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂತಿದ್ದ.

ಮೂವರೂ ಒಪ್ಪಿದರೆ ನಾಳೆ ವ್ಯಾನಿನ ಮುಂದೆ ಹಿತ್ತಾಳೆಯ ಫಲಕ ಏರುತ್ತದೆ: ಜಗತ್ತಿನ ಮೊದಲ ನಿಜವಾದ ಮಿನಿವ್ಯಾನು. ಅದರ ಕೆಳಗೆ ಅದನ್ನು ಓಡಿಸಿದವರ ಹೆಸರು. ಓಡಿಸಿದವರು ನಿರ್ದೇಶಕಿಯ ತಂದೆ. ಗಾಜಿನ ಕಾರ್ಖಾನೆಯ ಚಾಲಕರಾಗಿ ಜೀವ ತೇದು, ಯಾರ ನೆನಪಿನಲ್ಲೂ ಉಳಿಯದೆ ಹೋದವರು. ಮಗಳು ಅಪ್ಪನಿಗಾಗಿ ಬಯಸಿದ್ದು ಅದೊಂದು ಸಾಲನ್ನು. ಮೇಷ್ಟ್ರು ಒಪ್ಪದಿದ್ದರೆ ಅದೂ ಇಲ್ಲ.

"ಬ್ರೇಕ್ ಮೇಷ್ಟ್ರು ಅಂತ ಹುಡುಗರು ಇವರನ್ನ ಸುಮ್ನೆ ಕರೀತಿರ್ಲಿಲ್ಲ," ವರದಿಗಾರ ಒಳಗಿನಿಂದಲೇ ನಕ್ಕ. "ಸಾರ್, ಎಂಬತ್ತರ ದಶಕದಲ್ಲಿ ಬಂದಿದ್ದೇ ಮೊದಲನೇದು ಅಂತ ನಾವೆಲ್ಲ ಓದ್ಕೊಂಡಿದ್ವಿ. ಇದು ಅದಕ್ಕಿಂತ ಎಷ್ಟು ಹಿಂದಿನದು ನೋಡಿ!"

"ಮೂವತ್ತರ ದಶಕದಲ್ಲೇ ಜೀರುಂಡೆ ಥರದ್ದೊಂದು ಅಮೆರಿಕನ್ ಕಾರಿತ್ತು. ಒಳಗಿನ ಸೀಟನ್ನ ಬೇಕಾದ ಕಡೆ ಸರಿಸ್ಬಹುದಿತ್ತು," ಮೇಷ್ಟ್ರು ಅಂದರು.

"ಎಂಜಿನ್ ಹಿಂದಿತ್ತು. ಕಟ್ಟಿದ್ದೂ ಬೆರಳೆಣಿಕೆಯಷ್ಟು. ಲೆಕ್ಕಕ್ಕಿಲ್ಲ."

"ಯುದ್ಧ ಮುಗಿದ್ಮೇಲೆ ಜರ್ಮನ್ ವ್ಯಾನ್ ಬಂತು. ಎಂಜಿನ್ ಮುಂದೆ, ನೆಲ ಸಪಾಟು."

"ಸಾಮಾನು ಹೊರೋ ಗಾಡಿಗೆ ಸೀಟು ಜೋಡಿಸಿದ್ರೆ ಮಿನಿವ್ಯಾನ್ ಆಗುತ್ತಾ ಸಾರ್? ಸಂಸಾರ ಕೂತು ಹೋಗ್ಲಿ ಅಂತಲೇ ಕಟ್ಟಿರ್ಬೇಕು."

"ಹಾಗಾದ್ರೆ ಇದೂ ಲೆಕ್ಕಕ್ಕಿಲ್ಲ. ಇದನ್ನೂ ಕಾರ್ಖಾನೆಗೆ ಬೇಕಾದ್ದನ್ನ ತರೋಕೇ ಕಟ್ಟಿದ್ದು."

ನಿರ್ದೇಶಕಿಗೆ ರೇಗಿತು. "ಮೊದಲ ದಿನದಿಂದ್ಲೂ ಮೂರು ಸಾಲು ಸೀಟಿದೆ ಮೇಷ್ಟ್ರೇ. ಕಣ್ಣಿಗೆ ಕಾಣಲ್ವಾ?"

"ಕಾಣುತ್ತಮ್ಮ. ಸೀಟು ಇತ್ತು."

ಎಂಜಿನ್ನು ಎಲ್ಲಿರಬೇಕು, ನೆಲ ಎಷ್ಟು ತಗ್ಗಿರಬೇಕು, ಬಾಗಿಲು ಜಾರಬೇಕೋ ತಿರುಗಬೇಕೋ: ಬೆಳಗಿನಿಂದ ಇದೇ ಚರ್ಚೆ. ಸೀಟುಗಳ ಅಗಲವನ್ನು ಅಳೆದಿದ್ದ ಮಂಡಳಿ, ಅವುಗಳಲ್ಲಿ ಕೂತಿದ್ದವರು ಯಾರೆಂದು ಕೇಳಿರಲಿಲ್ಲ.

ವರದಿಗಾರ ಬಾಗಿಲನ್ನು ಎಳೆದುಕೊಂಡ. ಅದು ಬೆಣ್ಣೆಯಂತೆ ಜಾರಿ ಮುಚ್ಚಿತು. ತುಸು ಹೊತ್ತಿನಲ್ಲಿ ಒಳಗಿನಿಂದ ಗಾಜು ತಟ್ಟುವ ಸದ್ದು. ಒಳಗಡೆ ಹಿಡಿಯೇ ಇರಲಿಲ್ಲ. ನಿರ್ದೇಶಕಿ ಹೊರಗಿನಿಂದ ತೆರೆಯಬೇಕಾಯಿತು.

"ನೋಡಿದ್ರಾ!" ಅವನು ಜಿಗಿದು ಇಳಿದ. "ಓಡೋ ಗಾಡಿಯಿಂದ ಮಕ್ಕಳು ಬೀಳಬಾರ್ದು ಅಂತ ಆ ಕಾಲಕ್ಕೇ ಯೋಚ್ನೆ ಮಾಡಿದಾರೆ. ಮೆಟ್ಟಿಲಂತೂ ಎಷ್ಟು ತಗ್ಗು! ಪುಟ್ಟ ಮಕ್ಕಳೂ ಯಾರೂ ಎತ್ತದೆ ತಾವೇ ಹತ್ತುತ್ವೆ."

ಮೇಷ್ಟ್ರು ಮುಖ ತಿರುಗಿಸಿದರು.

ವರದಿಗಾರ ನಿರ್ದೇಶಕಿಯ ಕಿವಿಯತ್ತ ಬಾಗಿದ. "ಪಕ್ಕದ ಊರಿನ ಸಂಗ್ರಹಾಲಯದವರೂ ಮೊದಲ ಮಿನಿವ್ಯಾನ್ ತಮ್ಮದೇ ಅಂತಿದಾರಲ್ಲ ಮೇಡಂ? ಅವರು ಇವರನ್ನ ಬುಟ್ಟಿಗೆ ಹಾಕ್ಕೊಂಡಿದಾರೆ."

ಆಕೆಗೆ ಸಂಶಯವೇ ಉಳಿಯಲಿಲ್ಲ. ಪಾಠ ಹೇಳಿದ ಬಾಯಿ ಹೀಗೂ ಮಾರಾಟವಾಗುವುದೇ! ಈ ವ್ಯಾನನ್ನು ತನಗಿಂತ ಬಲ್ಲವರು ಬೇರೆ ಯಾರಿದ್ದಾರೆ?

"ಕೇಳಿ ಮೇಷ್ಟ್ರೇ. ನಾನು ಇದರಲ್ಲೇ ಆಡಿ ಬೆಳೆದವಳು. ಭಾನುವಾರ ಬಂತು ಅಂದ್ರೆ ಅಪ್ಪ ನನಗೆ ಒಳ್ಳೇ ಫ್ರಾಕ್ ಹಾಕಿಸಿ ಮುಂದಿನ ಸೀಟಲ್ಲಿ ಕೂರಿಸ್ಕೊಳ್ತಿದ್ರು. ರೈಲು ನಿಲ್ದಾಣದ ಹಿಂದಿನ ಬೀದೀಲಿ ಮಕ್ಕಳು ಹತ್ಕೊಳ್ತಿದ್ವು. ಹಿಂದಿನ ಸೀಟೆಲ್ಲ ಭರ್ತಿ! ನನ್ನನ್ನ ದಾರೀಲಿ ಮನೆ ಹತ್ರ ಇಳಿಸಿ, ಅವರನ್ನ ಶಾಲೆ ಹಾಸ್ಟೆಲ್ಲಿಗೆ ಬಿಟ್ಟು ಬರ್ತಿದ್ರು ಅಪ್ಪ. ವಾರ ವಾರಾನೂ ನನಗೆ ಹೊಸ ಗೆಳೆಯರು. ಇದು ಸಂಸಾರದ ಗಾಡಿ ಅಲ್ದೆ ಇನ್ನೇನು?"

"ವಾರ ವಾರಾನೂ ಹೊಸಬರು," ಮೇಷ್ಟ್ರು ಮೆಲ್ಲನೆ ಅಂದರು. "ಹಳಬರು ಯಾಕೆ ಬರಲ್ಲ ಅಂತ ಅಪ್ಪನ್ನ ಕೇಳಿದ್ರಾ?"

ಆಕೆ ಆ ಪ್ರಶ್ನೆಗೇ ಸಿಡಿದರು: "ನಿಮ್ಮನ್ನ ಎಷ್ಟಕ್ಕೆ ಕೊಂಡುಕೊಂಡಿದಾರೆ? ಅದನ್ನ ಮೊದಲು ಹೇಳಿ!"

"ಕೊಂಡುಕೊಳ್ಳಲಿಲ್ಲಮ್ಮ. ಪುಕ್ಕಟೆ ಹತ್ತಿಸ್ಕೊಂಡ್ರು."

ವರದಿಗಾರನ ನಗು ಅರ್ಧಕ್ಕೇ ನಿಂತಿತು.

"ಯಾವ ಹಾಸ್ಟೆಲ್ಲೂ ಇರ್ಲಿಲ್ಲ. ಗಾಜಿನ ಕುಲುಮೆ ಮುಂದೆ ದುಡಿಯೋಕೆ ಅವರಿಗೆ ಸಣ್ಣ ಕೈಗಳು ಬೇಕಿದ್ವು. ಅದಕ್ಕೇ ಈ ವ್ಯಾನು. ನಾನು ಹೇಗೋ ತಪ್ಪಿಸ್ಕೊಂಡೆ. ನನ್ನ ತಂಗಿ ವಾಪಸ್ ಬರಲೇ ಇಲ್ಲ." ಮೇಷ್ಟ್ರ ದನಿ ಏರಲಿಲ್ಲ. "ನಿಮಗೆ ಇದೆಲ್ಲ ಗೊತ್ತಾಗೋದು ಬೇಡ ಅಂತಲೇ ಎಂಜಿನ್ನು, ನೆಲ ಅಂತ ನೆಪ ಹೇಳ್ತಿದ್ದೆ. ನೀವೂ ಆಗ ಮಗು."

"ನಾನಾ? ನನಗೂ ಇದಕ್ಕೂ ಏನು ಸಂಬಂಧ?"

"ತಂಗಿ ಹತ್ತಲ್ಲ ಅಂತ ಅಳ್ತಿದ್ಲು. ಆಗ ಮುಂದಿನ ಸೀಟಿಂದ ನೀವು ಕೈ ಬೀಸಿ ಕರೆದ್ರಿ. ಒಳಗೆ ಅಷ್ಟು ಚೆಂದದ ಹುಡುಗಿ ಇದಾಳಲ್ಲ, ಹೆದರ್ಬೇಡ ಅಂತ ಅವಳನ್ನ ನಾನೇ ಹತ್ತಿಸಿದೆ."

ನಿರ್ದೇಶಕಿ ಕೇಳಿದ್ದು ಒಂದೇ ಮಾತು: "ಅವಳ ಹೆಸರು?"

ಮೇಷ್ಟ್ರು ಹೇಳಿದರು. ಹೀಗೆ ಒಂದು ಹೆಸರು ದೊರೆಯಿತು. ಮಿಕ್ಕ ಮಕ್ಕಳು ಯಾರೆಂದು ಆಕೆ ಇಂದಿಗೂ ಊರೂರು ಅಲೆದು ವಿಚಾರಿಸುತ್ತಿದ್ದಾರೆ. ಅವರಲ್ಲಿ ಒಬ್ಬರನ್ನಾದರೂ ನೀವು ಬಲ್ಲಿರಾದರೆ, ದಯವಿಟ್ಟು ಮುಂದೆ ಬಂದು ಹೇಳಿ.